ಎಲ್ಲ ಗಂಟೆಗಳೂ ನುಡಿದ ಬೆಳಗು

ಹೊಳೆ ಬಂಡೆಗಳನ್ನು ಬಳಸಿ ತಿರುಗುವ ಜಾಗದಲ್ಲಿ ಓಬಳಮ್ಮ ಎಂಬ ಮುದುಕಿ ಇದ್ದಳು.

ಹಿಂದೆ ಆಕೆ ನಗರದ ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಡುತ್ತಿದ್ದಳು. ಈಗ ಆಕೆಗಿದ್ದದ್ದು ಒಂದು ಕಲ್ಲಿನ ಮನೆ, ಮನೆಯ ಮುಂದೊಂದು ಬೇವಿನ ಮರ, ಮತ್ತು ನೀರಿನ ತೊಟ್ಟಿಗಳು.

ಊರವರು ಆ ಜಾಗವನ್ನು ಆಶ್ರಮ ಎನ್ನುತ್ತಿದ್ದರು. ಆಕೆ ಬರೀ ‘ನಮ್ಮ ತೊಟ್ಟಿಗಳು’ ಎನ್ನುತ್ತಿದ್ದಳು.

ತೊಟ್ಟಿಗಳು ಹೊಳೆಯ ಎರಡೂ ದಡದಲ್ಲಿ, ಹೊಲಗಳ ಬದುವಿನಲ್ಲಿ, ಎದುರಿನ ಗುಡ್ಡದ ನೆತ್ತಿಯಲ್ಲಿ ದೂರ ದೂರಕ್ಕೆ ಚದುರಿಕೊಂಡಿದ್ದವು. ಒಂದೊಂದಕ್ಕೂ ಬಿಗಿಯಾದ ಮುಚ್ಚಳ. ಒಳಗೆ ತಿಳಿನೀರು, ಕತ್ತಲು, ಆ ಕತ್ತಲನ್ನು ನೋಡುತ್ತಿರುವ ಒಂದು ಗಾಜಿನ ಕಣ್ಣು.

ಆಕಾಶದಿಂದ ಸದ್ದಿಲ್ಲದೆ ಸುರಿಯುವ ವಿಶ್ವಕಿರಣದ ಕಣಗಳು ಆ ನೀರನ್ನು ಹಾದು ಹೋಗುವಾಗ ನೀಲಿಯ ಒಂದು ಮಿಣುಕು ಹುಟ್ಟುತ್ತದೆ. ಮನುಷ್ಯರ ಕಣ್ಣಿಗೆ ಅದು ಕಾಣದು. ಗಾಜಿನ ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ಅದು ತಂತಿಯ ಮೂಲಕ ಮನೆಗೆ ಹೇಳಿ ಕಳಿಸುತ್ತದೆ. ಪಡಸಾಲೆಯಲ್ಲಿ ಒಂದೊಂದು ತಂತಿಯ ತುದಿಗೂ ಒಂದೊಂದು ದನದ ಗಂಟೆ ಕಟ್ಟಿತ್ತು.

ಹೀಗಾಗಿ ಹಗಲೆಲ್ಲ ಆ ಪಡಸಾಲೆಯಲ್ಲಿ, ಕಾಣದ ದನಗಳು ಎಲ್ಲೋ ಮೇಯುತ್ತಿರುವ ಹಾಗೆ, ಅಲ್ಲೊಂದು ಇಲ್ಲೊಂದು ಗಂಟೆ ನುಡಿಯುತ್ತಿತ್ತು.

ಅಲ್ಲಿಗೆ ಕರಿಬಸವ ಎಂಬ ಯುವಕ ಬಂದ. ಓದಿನಲ್ಲಿ ಚುರುಕು, ತಾಳ್ಮೆಯಲ್ಲಿ ಕಡಿಮೆ. ಅವನಪ್ಪ ಊರೂರು ತಿರುಗಿ ಬಳೆ ತೊಡಿಸುವವನು. ಮಗ ಏನೋ ದೊಡ್ಡದನ್ನು ಕಂಡುಹಿಡಿಯುತ್ತಾನೆ ಎಂದು ಬಳೆ ತೊಡುವ ಕೈಗಳಿಗೆಲ್ಲ ಹೇಳಿಕೊಂಡು ಬಂದಿದ್ದ.

ಕರಿಬಸವ ಹೆಗಲ ಚೀಲವನ್ನೂ ಇಳಿಸದೆ ಕೇಳಿದ: “ಈ ಕಿರಣಗಳು ಎಲ್ಲಿಂದ ಬರ್ತವೆ, ಅವ್ವ?”

ಓಬಳಮ್ಮ ಹೇಳಿದಳು: “ಆಚೆ ದಡದ ತೊಟ್ಟಿಯಲ್ಲಿ ನೀರು ಇಳಿದಿದೆ. ತುಂಬಿಸಿ ಬಾ.”

ಅವನು ತುಂಬಿಸಿ ಬಂದ. ಹಾಗೆ ಉಳಿದುಕೊಂಡ.

ಕೆಲವು ತಿಂಗಳ ಮೇಲೆ ಅವನು ಮತ್ತೆ ಕೇಳಿದ: “ಕಣ ಬಂದ ದಿಕ್ಕನ್ನೇ ಹಿಂದಕ್ಕೆ ಹಿಡಿದು ನೋಡಿದರೆ ಅದರ ಊರು ಸಿಗಬೇಕಲ್ಲ?”

ಓಬಳಮ್ಮ ಅವನನ್ನು ಹೊಳೆಯ ಅಂಚಿಗೆ ಕರೆದೊಯ್ದಳು.

“ನೀರು ಯಾವ ಕಡೆಯಿಂದ ಬರ್ತಿದೆ?”

“ಪೂರ್ವದಿಂದ.”

“ಈ ಹೊಳೆ ಹುಟ್ಟಿದ್ದು?”

“ಪಶ್ಚಿಮದ ಬೆಟ್ಟದಲ್ಲಿ.”

ನೀರು ಬಂಡೆಗಳನ್ನು ಸುತ್ತಿ, ತಾನು ಬಂದ ಕಡೆಗೇ ಮುಖ ಮಾಡಿ, ಮತ್ತೆ ತಿರುಗಿ ಹರಿಯುತ್ತಿತ್ತು.

ಕರಿಬಸವನಿಗೆ ಅರ್ಥವಾಯಿತು. ನಕ್ಷತ್ರಗಳ ನಡುವೆಲ್ಲ ಅಯಸ್ಕಾಂತದ ಸೆಳೆತಗಳು ಹಬ್ಬಿವೆ. ವಿದ್ಯುತ್ತು ಹೊತ್ತ ಕಣ ಆ ಸೆಳೆತಕ್ಕೆ ಸಿಕ್ಕು ಬಾಗುತ್ತದೆ, ಮತ್ತೆ ಬಾಗುತ್ತದೆ. ನಮ್ಮನ್ನು ಮುಟ್ಟುವ ಹೊತ್ತಿಗೆ ತವರಿನ ದಿಕ್ಕು ಅದರಲ್ಲಿ ಉಳಿದಿರುವುದಿಲ್ಲ.

“ಬಾಗದೆ ಬರೋದು ಯಾವುದೂ ಇಲ್ಲವಾ?”

“ತುಂಬಾ ಜೋರಿನದು ಕಡಿಮೆ ಬಾಗ್ತದೆ.”

“ಅಂಥದ್ದು ಯಾವಾಗ ಬರ್ತದೆ?”

“ಬಂದಾಗ.”

ಮಧ್ಯಾಹ್ನದ ಹೊತ್ತು ಇಬ್ಬರೂ ಪಡಸಾಲೆಯಲ್ಲಿ ಗೋಡೆಗೊರಗಿ ಕೂರುತ್ತಿದ್ದರು. ಹೊಳೆಯ ಬಿಸಿಲು ಸೂರಿನ ತೊಲೆಗಳ ಮೇಲೆ ಅಲೆಯಾಡುತ್ತಿತ್ತು. ಓಬಳಮ್ಮನ ಕಣ್ಣಿಗೆ ಈಚೆಗೆ ಮಂಜು ಕವಿದಿತ್ತು. ಆಕೆ ಕಿವಿಯಲ್ಲೇ ಆಕಾಶ ನೋಡುತ್ತಿದ್ದಳು.

ಒಂದು ಗಂಟೆ ನುಡಿದರೆ, “ಸಣ್ಣದು,” ಎನ್ನುವಳು.

ಎರಡು ಗಂಟೆ ಕೂಡಿ ನುಡಿದರೆ, “ಸ್ವಲ್ಪ ದೊಡ್ಡದು.”

ಮೂರು ಕೂಡಿದ ದಿನ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ದೊಡ್ಡ ಕಣವೊಂದು ಗಾಳಿಯ ಮೇಲ್ಪದರಕ್ಕೆ ಬಡಿದರೆ ಅದು ಒಡೆದು ಹತ್ತಾಗುತ್ತದೆ, ಹತ್ತು ಒಡೆದು ಸಾವಿರವಾಗುತ್ತದೆ. ನೆಲ ಮುಟ್ಟುವಾಗ ಊರಗಲದ ಸೋನೆಯಾಗಿರುತ್ತದೆ. ಎಷ್ಟು ದೊಡ್ಡ ಕಣವೋ ಅಷ್ಟು ಅಗಲದ ಸೋನೆ, ಅಷ್ಟು ಗಂಟೆ.

ಒಂದು ಸಂಜೆ ಕರಿಬಸವ ಕೇಳಿದ: “ಸಣ್ಣವು ಇಷ್ಟೊಂದು, ದೊಡ್ಡವು ಇಷ್ಟು ಕಮ್ಮಿ. ಅದು ಹೇಗೆ ಇಳಿಯುತ್ತದೆ?”

ಓಬಳಮ್ಮ ಒದ್ದೆ ಮರಳಿನ ಮೇಲೆ ಕಾಲು ಚಾಚಿ ಕೂತಳು. ತನ್ನ ಕಾಲಿನ ಪಕ್ಕದಲ್ಲೇ ಬೆರಳಿನಿಂದ ಒಂದು ಗೆರೆ ಎಳೆದಳು.

“ತೊಡೆಯಿಂದ ಇಳಿಜಾರು. ಬಲ ಹತ್ತು ಪಟ್ಟು ಏರಿದರೆ ಬರುವವರು ನೂರು ಪಟ್ಟಿನಷ್ಟು ಇಳೀತಾರೆ ಅನ್ಕೋ. ಇಲ್ಲಿ ಮೊಣಕಾಲು. ಇಲ್ಲಿಂದ ಇಳಿಜಾರು ಇನ್ನೂ ಕಡಿದು. ನಮ್ಮ ಗ್ಯಾಲಕ್ಸಿಗೆ ಹಿಡಿದಿಟ್ಟು ಬೆಳೆಸುವ ತಾಕತ್ತು ಇಲ್ಲಿಗೆ ಸೋಲ್ತದೆ. ಕೆಳಗೆ ಹರಡು, ಪಾದ ತಿರುಗುವ ಗಂಟು. ಅಲ್ಲಿ ಇಳಿಜಾರು ಸ್ವಲ್ಪ ಸಡಿಲ. ಅಲ್ಲಿಂದಾಚೆ ಬರುವವರು ಬೇರೆ ಗ್ಯಾಲಕ್ಸಿಯವರು ಇರಬೇಕು ಅಂತಾರೆ. ಪರಸ್ಥಳದವರು.”

“ಆಮೇಲೆ?”

“ಆಮೇಲೆ ಬೆರಳ ತುದಿ. ಜಗತ್ತು ಹುಟ್ಟಿದಾಗಿನ ಹಳೇ ಬೆಳಕು ಎಲ್ಲಾ ಕಡೆ ಮಂಕಾಗಿ ತುಂಬಿಕೊಂಡಿದೆ. ಅದಕ್ಕೆ ತಾಗಿ ತಾಗಿ ತುಂಬಾ ದೂರದವರು ದಾರಿಯಲ್ಲೇ ದಣೀತಾರೆ. ಅಷ್ಟು ಜೋರಾಗಿ ಇಲ್ಲಿ ತನಕ ಬಂದರೆ ಹತ್ತಿರದವರೇ ಇರಬೇಕು.”

ಹೊಳೆಯ ಅಲೆಯೊಂದು ಬಂದು ಮರಳಿನ ಮೇಲಿನ ಆ ಗೆರೆಯ ಕಾಲನ್ನು ಬೆರಳ ತುದಿಯಿಂದ ಅಳಿಸತೊಡಗಿತು.

“ಕಣಕ್ಕೆ ಅಷ್ಟು ಬಲ ಕೊಡೋರು ಯಾರು, ಅವ್ವ? ಒಂದೇ ಏಟಿಗೆ ಅಷ್ಟು ಬಲ ಎಲ್ಲಿಂದ ಬರ್ತದೆ?”

ಓಬಳಮ್ಮ ಬೇವಿನ ಹೂವನ್ನು ಬೊಗಸೆಯಲ್ಲಿ ತುಂಬಿ ತಂದು, ಎರಡು ಬಂಡೆಗಳ ನಡುವಿನ ಸುಳಿಗೆ ಹಾಕಿದಳು.

ಬಹುಪಾಲು ಹೂ ಮೊದಲ ಸುತ್ತಿನಲ್ಲೇ ಹೊರಬಿದ್ದು ಮೆಲ್ಲಗೆ ತೇಲಿಹೋದವು. ಕೆಲವು ಎರಡು ಮೂರು ಸುತ್ತು ಸುತ್ತಿದವು. ಒಂದೇ ಒಂದು ಹೂ ಒಳಗೇ ಉಳಿಯಿತು. ಸುತ್ತಿತು, ಸುತ್ತಿತು. ಒಂದೊಂದು ಸುತ್ತಿಗೂ ನೀರು ಅದನ್ನು ಒಂಚೂರು ನೂಕುತ್ತಿತ್ತು. ಕೊನೆಗೆ ಅದು ಚಿಮ್ಮಿ ಹೊರಬಂದು ಮುಂದೆ ಹೋಗಿದ್ದ ಹೂಗಳನ್ನೆಲ್ಲ ಹಿಂದಿಕ್ಕಿ ಮರೆಯಾಯಿತು.

“ಸಿಡಿದ ನಕ್ಷತ್ರದ ಸುತ್ತ ಇಂಥ ಸುಳಿ ಇರ್ತವೆ,” ಎಂದಳು ಓಬಳಮ್ಮ. “ಬೇರೆ ಗ್ಯಾಲಕ್ಸಿಗಳ ಒಡಲಲ್ಲಿ ಇನ್ನೂ ದೊಡ್ಡವು.”

“ಆ ಒಂದು ಹೂ ಮಾತ್ರ ಯಾಕೆ ಉಳೀತು? ಗಟ್ಟಿಮುಟ್ಟಾಗಿತ್ತಾ?”

“ಇಲ್ಲ. ಅದಕ್ಕೆ ದಾರಿ ಸಿಗಲಿಲ್ಲ.”

ಹೀಗೆ ಕೆಲವು ವರ್ಷ ಕಳೆಯಿತು. ಕರಿಬಸವನ ಅಪ್ಪ ಆಗಾಗ ಫೋನ್ ಮಾಡುತ್ತಿದ್ದ.

“ಏನಾದರೂ ಸಿಕ್ತಾ, ಮಗ?”

“ಇನ್ನೂ ಇಲ್ಲ, ಅಪ್ಪ.”

ಆಮೇಲೆ ಒಂದು ಬೆಳಿಗ್ಗೆ, ಹೊಳೆಯ ಮೇಲಿನ ಮಂಜು ಇನ್ನೂ ಏಳದಿದ್ದಾಗ, ಓಬಳಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಕರಿಬಸವ ಒಲೆ ಊದುತ್ತಿದ್ದ.

ಪಡಸಾಲೆಯ ಗಂಟೆಗಳೆಲ್ಲ ಒಟ್ಟಿಗೆ ನುಡಿದವು.

ಒಂದೇ ಸಲ. ಅಷ್ಟೇ. ಬೇವಿನ ಮರದ ಗಿಳಿಗಳು ಎದ್ದು ಹಾರಿದವು. ಹುರುಳಿ ಮೊರದಿಂದ ಜಾರಿ ನೆಲದ ಮೇಲೆ ಹರಡಿತು.

ಓಬಳಮ್ಮ ಮೆಲ್ಲಗೆ ಕೇಳಿದಳು: “ಎಲ್ಲವೂ ನುಡಿದವಾ? ನನಗೆ ಹಾಗನಿಸಿತಾ?”

“ಎಲ್ಲವೂ, ಅವ್ವ. ಗುಡ್ಡದ್ದೂ ಸೇರಿ.”

ಆಕೆ ಬಹಳ ಹೊತ್ತು ಖಾಲಿ ಮೊರ ಹಿಡಿದೇ ಕೂತಿದ್ದಳು. ಅಲ್ಲಿಗೆ ಬಂದ ಮೇಲೆ ಆಕೆ ಅದನ್ನು ಕೇಳಿದ್ದು ಅದೇ ಮೊದಲು.

ಕರಿಬಸವ ಒಳಗೋಡಿದ. ಯಾವ ತೊಟ್ಟಿ ಯಾವ ಗಳಿಗೆಯಲ್ಲಿ ಮಿಣುಕಿತು ಎಂಬುದನ್ನು ಒಳಕೋಣೆಯ ಕಂಪ್ಯೂಟರ್ ಕ್ಷಣದ ಕೋಟಿಯ ಪಾಲಿನಷ್ಟು ಸೂಕ್ಷ್ಮವಾಗಿ ಹಿಡಿದಿಡುತ್ತಿತ್ತು. ಓರೆಯಾಗಿ ಬರುವ ಮಳೆ ಒಂದು ಹೊಲವನ್ನು ಮೊದಲು ನೆನೆಸಿ ಇನ್ನೊಂದನ್ನು ಆಮೇಲೆ ನೆನೆಸುತ್ತದಲ್ಲ, ಈ ಸೋನೆಯೂ ಹಾಗೇ ಒಂದೊಂದು ತೊಟ್ಟಿಯನ್ನು ಒಂದೊಂದು ಗಳಿಗೆಗೆ ಮುಟ್ಟುತ್ತದೆ. ಆ ಹಿಂಚುಮುಂಚಿನಿಂದ ಕಣ ಬಂದ ದಿಕ್ಕು ತಿಳಿಯುತ್ತದೆ.

ಅವನು ಸಂಜೆಯವರೆಗೆ ಲೆಕ್ಕ ಮಾಡಿದ. ಆಮೇಲೆ ಹೊರಗೆ ಓಡಿ ಬಂದ.

“ಒಂದೇ ಒಂದು ಕಣ, ಅವ್ವ. ಧೂಳಿಗಿಂತ ಎಷ್ಟೋ ಸಣ್ಣದು. ಬೀಸಿ ಎಸೆದ ಕಲ್ಲಿನಷ್ಟು ಬಲ ಅದರಲ್ಲಿ. ಬಂದ ದಿಕ್ಕನ್ನು ಹಿಡಿದು ನೋಡಿದರೆ ನೆರೆಯ ಒಂದು ಗ್ಯಾಲಕ್ಸಿ! ಅದರ ನಡುವೆ ದೊಡ್ಡ ಕಪ್ಪು ಕುಳಿ ಇದೆ, ಸುತ್ತ ಬೆಂಕಿಯ ಸುಳಿ. ಊರು ಸಿಕ್ತು!”

“ಎಲ್ಲ ತೊಟ್ಟಿಗಳೂ ಒಂದೇ ಮಾತು ಹೇಳಿದವಾ?”

“ಹೇಳಿದವು. ಗುಡ್ಡದ್ದು ಮಾತ್ರ ಚೂರು ತಡ. ಸೋನೆಯ ಅಂಚು ಅಲ್ಲಿ ಬಾಗಿರಬೇಕು. ಹಾಗೆ ಆಗ್ತದೆ.”

“ಆಗ್ತದೆ,” ಎಂದಳು ಓಬಳಮ್ಮ. “ಇನ್ನೊಂದು ಬರಲಿ.”

“ಇನ್ನೊಂದು ಬರೋಕೆ ನೂರು ವರ್ಷ ಆಗಬಹುದು!”

“ಆಗಬಹುದು.”

ಕರಿಬಸವ ಕಾಯಲಿಲ್ಲ. ಮರುದಿನದ ಬಸ್ಸಿಗೆ ನಗರಕ್ಕೆ ಹೋದ.

ನಗರದ ವಿಜ್ಞಾನಿಗಳ ಸಭೆಯಲ್ಲಿ ಅವನು ಮಾತಾಡಿದ. ಪತ್ರಿಕೆಗಳು ಬರೆದವು. ಅವನದೇ ಮುಂದಾಳತ್ವದಲ್ಲಿ ನೂರಾರು ಹೊಸ ತೊಟ್ಟಿಗಳನ್ನು ಕಟ್ಟಿಸಿ, ಆ ಗ್ಯಾಲಕ್ಸಿಯನ್ನೇ ಕಾಯುವುದೆಂದು ಹಿರಿಯರು ಮಾತು ಕೊಟ್ಟರು.

ಅಪ್ಪ ಫೋನಿನಲ್ಲಿ ಹೇಳಿದ: “ಇವತ್ತು ಸಂತೆಯಲ್ಲಿ ಬಂದವರಿಗೆಲ್ಲ ಒಂದೊಂದು ಡಜನ್ ಬಳೆ ದುಡ್ಡು ತಗೊಳ್ಳದೆ ಹಾಗೇ ತೊಡಿಸಿದೆ ಕಣೋ. ಹಸಿರು ಬಳೆ.”

ಕರಿಬಸವ ಹೊಳೆಯ ದಡಕ್ಕೆ ಮರಳಿದ್ದು ವಿದಾಯ ಹೇಳಲು. ಹೇಳುವ ಮುಂಚೆ ಒಂದು ಸಲ ತೊಟ್ಟಿಗಳನ್ನೆಲ್ಲ ತುಂಬಿಸಿ ಬರೋಣವೆಂದು ಹೊರಟ.

ಗುಡ್ಡ ಹತ್ತುವಾಗ ಬಿಸಿಲು ಹಣ್ಣಾಗಿತ್ತು. ಕೆಳಗೆ ಹೊಳೆ ನಿದ್ದೆಯಲ್ಲಿ ಹೊರಳಿದಂತೆ ಕಾಣುತ್ತಿತ್ತು. ಅವನು ನೀರು ತುಂಬಿಸಿ, ಮುಚ್ಚಳ ಬಿಗಿದು, ಸುಧಾರಿಸಿಕೊಳ್ಳಲು ಕಲ್ಲೊಂದನ್ನು ಎಳೆದುಕೊಂಡ.

ಕಲ್ಲಿನ ಕೆಳಗೆ ಸುರುಳಿ ಸುತ್ತಿದ ತಂತಿ ಇತ್ತು.

ಆಗ ಅವನಿಗೆ ನೆನಪಾಯಿತು. ಹಿಂದಿನ ಬೇಸಗೆಯಲ್ಲಿ ಆಡುಗಳು ಗುಡ್ಡದ ತಂತಿಯನ್ನು ಕಡಿದಿದ್ದವು. ಅವನೇ ಹೊಸ ತಂತಿ ಎಳೆದಿದ್ದ. ಹೊಸದು ಬೇಕಾದ್ದಕ್ಕಿಂತ ಉದ್ದವಿತ್ತು. ಕತ್ತರಿಸಲು ಮನಸ್ಸಾಗದೆ, ಮಿಕ್ಕಿದ್ದನ್ನು ಸುತ್ತಿ ಕಲ್ಲಿನಡಿ ಇಟ್ಟಿದ್ದ. ಹೆಚ್ಚಾದ ಉದ್ದವನ್ನು ಆಮೇಲೆ ಲೆಕ್ಕಕ್ಕೆ ಹಿಡಿದರಾಯಿತು ಎಂದುಕೊಂಡಿದ್ದ. ಮರೆತಿದ್ದ.

ಗುಡ್ಡದ ತೊಟ್ಟಿ ತಡವಾಗಿ ಮಿಣುಕಿರಲಿಲ್ಲ. ಅದರ ಮಾತು ಈ ಸುರುಳಿಯನ್ನೆಲ್ಲ ಸುತ್ತಿ ಬರಬೇಕಾಗಿತ್ತು. ಅದಕ್ಕೇ ತಡ.

ಅವನು ಅಲ್ಲೇ ಕೂತು ಬೆರಳಿನಲ್ಲಿ ನೆಲದ ಮೇಲೆ ಲೆಕ್ಕವನ್ನು ಮತ್ತೆ ಮಾಡಿದ. ದಿಕ್ಕು ಸರಿದುಹೋಯಿತು. ಗ್ಯಾಲಕ್ಸಿ ಎಲ್ಲೋ ಪಕ್ಕಕ್ಕೆ ಉಳಿಯಿತು.

ಸುತ್ತ ಯಾರೂ ಇರಲಿಲ್ಲ. ಅವನು ಚಾಕು ತೆಗೆದು ಸುರುಳಿಯನ್ನು ಕತ್ತರಿಸಿದ, ತಂತಿಯ ತುದಿಗಳನ್ನು ಜೋಡಿಸಿದ. ಸುರುಳಿಯನ್ನು ಹೆಗಲಿಗೇರಿಸಿ ಹೊಳೆಗೆ ಇಳಿದ. ಮಡುವಿನ ಮೇಲಿನ ಬಂಡೆಯ ಮೇಲೆ ನಿಂತ. ಎಸೆದರೆ ಮುಗಿಯಿತು.

ನೀರು ಆಳವಾಗಿ, ಹಸಿರಾಗಿ, ಏನೂ ಕೇಳದೆ ಹರಿಯುತ್ತಿತ್ತು. ಮಿಂಚುಳ್ಳಿಯೊಂದು ಅದರ ಮೇಲೆ ನೀಲಿ ಗೆರೆ ಎಳೆದುಹೋಯಿತು.

ಅವನ ಕೈ ಏಳಲಿಲ್ಲ.

ಮನೆಗೆ ಬಂದು ಸುರುಳಿಯನ್ನು ಓಬಳಮ್ಮನ ಕಾಲ ಬಳಿ ಇಟ್ಟ. ಆಕೆ ಕೈಯಾಡಿಸಿ ನೋಡಿದಳು.

“ಏನಿದು?”

ಅವನು ಎಲ್ಲ ಹೇಳಿದ. ಮಡುವಿನ ಮೇಲೆ ನಿಂತದ್ದನ್ನೂ ಹೇಳಿದ.

“ಎಸೆದಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ,” ಎಂದ.

“ಇಲ್ಲ.”

“ನಿಮಗೂ.”

“ನನಗೂ.”

“ಹಾಗಿದ್ದರೆ ಏನಾಗ್ತಿತ್ತು, ಅವ್ವ?”

“ಏನೂ ಆಗ್ತಿರಲಿಲ್ಲ. ನೀನು ಸಾಯೋತನಕ ಆ ಗ್ಯಾಲಕ್ಸಿ ಕಡೆ ಮುಖ ಮಾಡಿ ಕೂತಿರ್ತಿದ್ದೆ.”

ಕರಿಬಸವ ಮುಖ ಮುಚ್ಚಿಕೊಂಡ. “ಆ ಜನರ ಮುಂದೆ ಮತ್ತೆ ಹೇಗೆ ನಿಲ್ಲಲಿ? ಅಪ್ಪನಿಗೆ ಏನು ಹೇಳಲಿ? ನಾನು ತುಂಬಾ ದೂರ ಹೋಗಿಬಿಟ್ಟೆ.”

ಓಬಳಮ್ಮ ಎದ್ದಳು. ಸುರುಳಿಯನ್ನು ಎತ್ತಿಕೊಂಡು, ಅವನ ಭುಜ ಹಿಡಿದು ಹೊಳೆಯ ದಡಕ್ಕೆ ನಡೆದಳು. ತಂತಿಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದಳು.

“ನಡಿ. ತಂತಿ ಮುಗಿಯೋ ತನಕ ನಡಿ.”

ಅವನು ನಡೆದ. ಮರಳು ಮುಗಿಯಿತು. ನೀರಿಗೆ ಇಳಿದ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ತಂತಿ ಬಿಗಿಯಿತು. ಅವನು ನಿಂತ. ದಡದ ಮೇಲೆ ಓಬಳಮ್ಮ ಬಿಳಿ ಸೀರೆಯ ಒಂದು ಚುಕ್ಕೆಯಾಗಿ ಕಾಣುತ್ತಿದ್ದಳು.

ಆಕೆ ಕೂಗಿದಳು: “ಇಷ್ಟು ದೂರವಾ, ನೀನು ಹೋಗಿದ್ದು?”

“ಇಷ್ಟು ದೂರ, ಅವ್ವ!”

“ನನ್ನ ದನಿ ಕೇಳ್ತದಾ?”

“ಕೇಳ್ತದೆ!”

“ಹಾಗಿದ್ರೆ ವಾಪಸ್ ಬಾ.”

ಅವನು ತಂತಿಯನ್ನು ಸುತ್ತಿಕೊಳ್ಳುತ್ತ, ಅಳುತ್ತ, ವಾಪಸ್ ಬಂದ.

ಮರುದಿನ ಅವನು ನಗರಕ್ಕೆ ಹೋದ. ಅದೇ ಸಭೆಯಲ್ಲಿ ನಿಂತು, “ನಾನು ಹೇಳಿದ್ದು ತಪ್ಪು,” ಎಂದ. ತಂತಿಯ ಕಥೆಯನ್ನು ಬಿಡಿಸಿ ಹೇಳಿದ. ಆಡುಗಳ ಮಾತು ಬಂದಾಗ ಹಿಂದಿನ ಸಾಲಿನವರು ನಕ್ಕರು.

ಹಿರಿಯರೊಬ್ಬರು ಕೇಳಿದರು: “ಕಣ ಬಂದದ್ದಾದರೂ ನಿಜವೋ?”

“ನಿಜ. ಬಲದ ಲೆಕ್ಕ ಸರಿಯಿದೆ. ಎಲ್ಲ ತೊಟ್ಟಿಗಳೂ ಕಂಡಿವೆ. ದಿಕ್ಕು ಮಾತ್ರ ಬೇರೆ.”

“ಆ ದಿಕ್ಕಿನಲ್ಲಿ ಏನಿದೆ?”

“ಹುಡುಕಿದೆ, ಸರ್. ಹೇಳೋ ಅಂಥದ್ದು ಏನೂ ಸಿಗಲಿಲ್ಲ.”

ಮತ್ತೆ ನಗು. ಹೊಸ ತೊಟ್ಟಿಗಳ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಪತ್ರಿಕೆಗಳು ನಾಲ್ಕು ಸಾಲು ಬರೆದು ಮುಗಿಸಿದವು.

ಬಸ್ ನಿಲ್ದಾಣದಿಂದ ಅವನು ಅಪ್ಪನಿಗೆ ಫೋನ್ ಮಾಡಿದ.

“ಅಪ್ಪ, ನಾನು ಕಂಡದ್ದು ಸರಿಯಿರಲಿಲ್ಲ. ನನ್ನದೇ ತಪ್ಪು. ಎಲ್ಲರ ಮುಂದೆ ಹೇಳಿ ಬಂದೆ.”

ಆ ಕಡೆ ಸಂತೆಯ ಗದ್ದಲ ಕೇಳುತ್ತಿತ್ತು.

“ಊಟ ಮಾಡಿದೆಯಾ?” ಎಂದ ಅಪ್ಪ ಕೊನೆಗೆ.

“ಇಲ್ಲ.”

“ಮೊದಲು ಊಟ ಮಾಡು. ತೊಡಿಸಿದ ಬಳೆ ಯಾರೂ ವಾಪಸ್ ಕೊಡಲ್ಲ, ಹೋಗಲಿ ಬಿಡು.”

ಕರಿಬಸವ ಹೊಳೆಯ ದಡ ತಲುಪಿದಾಗ ನಡುಹಗಲು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಓಬಳಮ್ಮ ಬಂಡೆಯ ಮೇಲೆ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು.

“ಹೇಳಿದೆಯಾ?”

“ಹೇಳಿದೆ.”

“ನಕ್ಕರಾ?”

“ನಕ್ಕರು.”

ಅವನು ಆಕೆಯ ಪಕ್ಕದಲ್ಲಿ ಕೂತ. ನೀರಿನ ಬೆಳಕು ಇಬ್ಬರ ಮುಖದ ಮೇಲೂ ಆಡುತ್ತಿತ್ತು. ಹಗಲಿನ ಆ ನೀಲಿಯ ಹಿಂದೆ ನಕ್ಷತ್ರಗಳೆಲ್ಲ ತಮ್ಮ ಪಾಡಿಗೆ ತಾವು ಚಲಿಸುತ್ತಿರುವುದು ಅವನಿಗೆ ಮೈಗೆ ತಾಗಿದಂತೆ ತಿಳಿಯುತ್ತಿತ್ತು.

“ಸರಿಯಾದ ದಿಕ್ಕು ಈಗ ಎಲ್ಲಿ ಬರ್ತದೆ? ತೋರಿಸು,” ಎಂದಳು ಓಬಳಮ್ಮ.

ಅವನು ಮನಸ್ಸಿನಲ್ಲೇ ಎಣಿಸಿ, ಕೈ ಎತ್ತಿ ಆಕಾಶದ ಒಂದು ಕಡೆಗೆ ಬೆರಳು ಮಾಡಿದ. ಓಬಳಮ್ಮ ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಅದಕ್ಕೆ ಕೆನ್ನೆ ತಾಗಿಸಿ, ತೋಳಿನ ಉದ್ದಕ್ಕೂ ಮೇಲಕ್ಕೆ ನೋಡಿದಳು. ಮಂಜು ಕವಿದ ಆ ಕಣ್ಣುಗಳಲ್ಲಿ ಆಕಾಶ ತುಂಬಿಕೊಂಡಿತು.

“ಅಲ್ಲಿ ಏನಿದೆ?”

“ಏನೂ ಇಲ್ಲ, ಅವ್ವ. ಎಷ್ಟು ದೊಡ್ಡ ದುರ್ಬೀನು ಹಿಡಿದು ನೋಡಿದರೂ ಒಂದು ಗ್ಯಾಲಕ್ಸಿಯಿಲ್ಲ, ಒಂದು ಸುಳಿಯಿಲ್ಲ. ಆಕಾಶದಲ್ಲೇ ಅಷ್ಟು ಖಾಲಿ ಜಾಗ ಕಮ್ಮಿ ಅಂತೆ. ಬರಿದು.”

ಆಕೆ ಅವನ ತೋಳು ಬಿಡಲಿಲ್ಲ. ಬಹಳ ಹೊತ್ತು ಹಾಗೇ ನೋಡುತ್ತಿದ್ದಳು.

“ಬರಿದು ಅನ್ನಬೇಡ, ಕರಿಬಸವ,” ಎಂದಳು. “ಅಲ್ಲಿಂದ ಒಂದು ಬಂದಿದೆ.”